ಗೌರವ ಸೇವೆ, ಗೌರವಧನ ಮತ್ತು ಸಂಬಳ: ಸಮುದಾಯದ ಕೆಲಸಗಳನ್ನು ನಡೆಸುವವರು ಯಾರು?

ಮುಂಬಯಿಯ ಯಾವುದೇ ಕನ್ನಡ ಸಂಘದ ವಾರ್ಷಿಕ ವರದಿಯನ್ನು ತೆರೆದರೂ ಮೊದಲ ಪುಟಗಳಲ್ಲಿಯೇ ಗೌರವ ಕಾರ್ಯದರ್ಶಿ, ಗೌರವ ಕೋಶಾಧಿಕಾರಿ ಎಂಬ ಪದಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿ ‘ಗೌರವ’ ಎಂದರೆ ಸಂಬಳವಿಲ್ಲ ಎಂದರ್ಥ. ಸರಕಾರದ ಕಡತಗಳಲ್ಲಿ ಇದೇ ಪದವು ‘ಗೌರವಧನ’ವೆಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಹಣವನ್ನೇನೋ ಕೊಡಲಾಗುತ್ತದೆ, ಆದರೆ ಅದನ್ನು ಸಂಬಳವೆಂದು ಕರೆಯುವಂತಿಲ್ಲ. ಸಂಘದ ಗೌರವ ಕಾರ್ಯದರ್ಶಿಗೆ ಬೇರೆಡೆ ಉದ್ಯೋಗವಿರುತ್ತದೆ. ಸಂಜೆಯ ಬಿಡುವಿನಲ್ಲಿ ಆತ ಸಂಘದ ಕೆಲಸ ಮಾಡುತ್ತಾನೆ. ಗೌರವಧನ ಪಡೆಯುವ ಅಂಗನವಾಡಿ ಕಾರ್ಯಕರ್ತೆಗೆ ಅನೇಕ ವೇಳೆ ಆ ಹಣವೇ ಸಂಸಾರದ ಆಧಾರ. ಒಂದೇ ಪದ ಇಬ್ಬರಿಗೂ ಅಂಟಿಕೊಂಡಿದೆಯಾದರೂ ಇಬ್ಬರ ಸ್ಥಿತಿ ಒಂದೇ ಅಲ್ಲ.

ಸಮುದಾಯದ ಕೆಲಸಗಳನ್ನು ಸ್ಥಳೀಯ ಸ್ವಯಂಸೇವಕರು ನಡೆಸಬೇಕೇ, ಸಂಬಳ ಪಡೆಯುವ ಪರಿಣತರು ನಡೆಸಬೇಕೇ ಎಂಬ ಚರ್ಚೆ ನಮ್ಮ ಸಂಘಗಳ ಮಹಾಸಭೆಗಳಲ್ಲಿಯೂ ಏಳುವುದುಂಟು. “ಸೇವೆಗೆ ಹಣವೇಕೆ” ಎಂದು ಒಬ್ಬರು ಕೇಳಿದರೆ, “ಪುಕ್ಕಟೆ ಕೆಲಸಕ್ಕೆ ಹೊಣೆಯಾರು” ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಕೆಲಸ ಮಾಡುವವರು ಆ ಊರಿನವರೇ, ಹೊರಗಿನವರೇ ಎಂಬುದು ಒಂದು ಪ್ರಶ್ನೆ. ಅವರಿಗೆ ವೇತನವಿದೆಯೇ, ಇಲ್ಲವೇ ಎಂಬುದು ಇನ್ನೊಂದು. ಸ್ಥಳೀಯರೆಂದ ಮಾತ್ರಕ್ಕೆ ಪುಕ್ಕಟೆ ದುಡಿಯಬೇಕೆಂದಿಲ್ಲ. ಸಂಬಳ ಪಡೆದ ಮಾತ್ರಕ್ಕೆ ಊರಿನ ಮೇಲಿನ ಮಮತೆ ಕಡಿಮೆಯಾಗುವುದೂ ಇಲ್ಲ. ನಮ್ಮ ದೇಶದಲ್ಲಿ ಇದು ಹೇಗೆ ನಡೆದುಬಂದಿದೆ ಎಂಬುದನ್ನು ಕೆಲವು ನೈಜ ಉದಾಹರಣೆಗಳ ಮೂಲಕ ಇಲ್ಲಿ ನೋಡಬಹುದು.

ಸಹಕಾರ ಸಂಘಗಳ ಹಳೆಯ ಪಾಠ

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬವರು ರೈತರಿಗಾಗಿ ಗ್ರಾಮೀಣ ಪತ್ತಿನ ಸಂಘಗಳನ್ನು ಕಟ್ಟಿದರು. ಒಂದು ಊರಿಗೆ ಒಂದು ಸಂಘ, ಸದಸ್ಯರೆಲ್ಲ ಪರಸ್ಪರ ಪರಿಚಿತರು, ಆಡಳಿತ ಮಂಡಳಿಯವರಿಗೆ ಸಂಬಳವಿಲ್ಲ. ಆದರೆ ಒಬ್ಬನಿಗೆ ಮಾತ್ರ ಈ ನಿಯಮದಿಂದ ವಿನಾಯಿತಿಯಿತ್ತು. ಆತ ಲೆಕ್ಕ ಬರೆಯುವವನು. ಯಾರಿಗೆ ಸಾಲ ಕೊಡಬಹುದು, ಯಾರ ಮಾತನ್ನು ನಂಬಬಹುದು ಎಂಬ ತೀರ್ಮಾನಕ್ಕೆ ನೆರೆಹೊರೆಯ ತಿಳಿವಳಿಕೆ ಬೇಕು. ಅದನ್ನು ಊರಿನ ಹಿರಿಯರು ಬಿಡುವಿನಲ್ಲಿ ಮಾಡಬಲ್ಲರು. ಲೆಕ್ಕದ ಪುಸ್ತಕವಾದರೋ ಯಾರ ಬಿಡುವಿಗೂ ಕಾಯುವುದಿಲ್ಲ. ಈ ವಿಭಾಗ ಎಷ್ಟು ಸರಳವೋ ಅಷ್ಟೇ ವಿವೇಕದ್ದು ಎಂದು ಮೂರು ದಶಕಗಳಿಗೂ ಹೆಚ್ಚು ಕಾಲ ಲೆಡ್ಜರುಗಳ ನಡುವೆ ಕಳೆದ ನನಗೆ ಅನ್ನಿಸುತ್ತದೆ.

ಮದರಾಸು ಸರಕಾರಕ್ಕಾಗಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಸಿದ್ಧಪಡಿಸಿದ ವರದಿಯು ಈ ಮಾದರಿಯನ್ನು ಭಾರತಕ್ಕೆ ಪರಿಚಯಿಸಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. 1906ರಲ್ಲಿ ಮುಂಬಯಿಯಲ್ಲಿ ಕೆನರಾ ಮೂಲದ ಸಾರಸ್ವತ ಸಮುದಾಯಕ್ಕಾಗಿ ಎಸ್.ಎಸ್. ತಲ್ಮಕಿಯವರು ಶಾಮರಾವ್ ವಿಠ್ಠಲ್ ಸಹಕಾರಿ ಸಂಸ್ಥೆಯನ್ನು ಆರಂಭಿಸಿದರು. ಅದು ಇಂದು ಎಸ್‌ವಿಸಿ ಬ್ಯಾಂಕ್ ಎಂದು ಪರಿಚಿತವಾಗಿದೆ. ಇಂತಹ ಸಂಸ್ಥೆಗಳು ಬೆಳೆದಂತೆ ಗುಮಾಸ್ತರು ಬಂದರು, ವ್ಯವಸ್ಥಾಪಕರು ಬಂದರು. ಆದರೆ ಆಡಳಿತ ಮಂಡಳಿಯನ್ನು ಚುನಾಯಿಸುವ ಹಕ್ಕು ಸದಸ್ಯರಲ್ಲಿಯೇ ಉಳಿಯಿತು.

ಸ್ವಸಹಾಯ ಗುಂಪುಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಮತ್ತೆ ಎದುರಾಯಿತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಇಂತಹ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಗುಂಪಿನ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ವಿರಳವಾಗಿದ್ದ ಕಡೆ ಪುಸ್ತಕ ಬರೆಯುವವರು ಯಾರು? ಒಬ್ಬ ಸದಸ್ಯೆಯ ಶಾಲೆಗೆ ಹೋಗುವ ಮಗನೋ, ಪಕ್ಕದ ಮನೆಯ ಮೇಷ್ಟ್ರೋ ಉಪಕಾರಕ್ಕೆಂದು ಬರೆದುಕೊಡುತ್ತಿದ್ದರು. ಮಗ ಪರೀಕ್ಷೆಗೆ ಕುಳಿತರೆ ಎರಡು ತಿಂಗಳ ಲೆಕ್ಕ ಬಾಕಿ ಬೀಳುತ್ತಿತ್ತು. ಸಭೆಗೆ ಇಷ್ಟು ಎಂದು ಗುಂಪೇ ತನ್ನ ಉಳಿತಾಯದಿಂದ ಹಣ ಕೊಡಲಾರಂಭಿಸಿದ ಕಡೆ ಪುಸ್ತಕಗಳು ಅಚ್ಚುಕಟ್ಟಾಗಿರುತ್ತಿದ್ದವು. ಸಾಲದ ಅರ್ಜಿಗಳೊಂದಿಗೆ ಬರುತ್ತಿದ್ದ ಪುಸ್ತಕದ ಮೊದಲೆರಡು ಪುಟ ನೋಡಿದರೇ ಈ ವ್ಯತ್ಯಾಸ ನಮಗೆ ಗೊತ್ತಾಗುತ್ತಿತ್ತು. ಮೊತ್ತ ಅಲ್ಪವೇ ಆಗಿದ್ದರೂ, ಹಣ ಕೊಟ್ಟವರಿಗೆ “ಏಕೆ ಬರೆದಿಲ್ಲ” ಎಂದು ಕೇಳುವ ಅಧಿಕಾರ ದೊರೆಯುತ್ತಿತ್ತು. ಉಪಕಾರ ಮಾಡುವವರನ್ನು ಹಾಗೆ ಕೇಳಲಾಗುವುದಿಲ್ಲ.

ಸಾಕ್ಷರತೆ: ಅಲೆಯ ಏರು, ಇಳಿತ

ವೇತನವಿಲ್ಲದ ಸ್ವಯಂಸೇವೆ ಎಷ್ಟು ದೊಡ್ಡ ಕೆಲಸವನ್ನು ಮಾಡಬಲ್ಲುದು ಎಂಬುದಕ್ಕೆ ಎರ್ನಾಕುಳಂ ಜಿಲ್ಲೆಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಯಿತು. ಮರುವರ್ಷ ಎರ್ನಾಕುಳಂನಲ್ಲಿ ಸುಮಾರು 20,000 ಸ್ವಯಂಸೇವಕರು ಮನೆಜಗುಲಿ, ದೋಣಿಕಟ್ಟೆ, ಗದ್ದೆಬದುಗಳಲ್ಲಿ ಅಕ್ಷರ ಕಲಿಸಿದರು. 1990ರ ಫೆಬ್ರವರಿಯಲ್ಲಿ ಆ ಜಿಲ್ಲೆಯನ್ನು ಸಂಪೂರ್ಣ ಸಾಕ್ಷರವೆಂದು ಘೋಷಿಸಲಾಯಿತು; 1991ರ ಏಪ್ರಿಲ್‌ನಲ್ಲಿ ಇಡೀ ಕೇರಳವನ್ನು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬಿಜಾಪುರ ಜಿಲ್ಲೆಗಳು ಇಂತಹ ಆಂದೋಲನವನ್ನು ಮೊದಲು ಕೈಗೊಂಡವುಗಳ ಸಾಲಿನಲ್ಲಿದ್ದವು. ಬೀದಿನಾಟಕ, ಜಾಥಾ, ಹಾಡುಗಳಿಂದ ಊರೂರು ಎಚ್ಚೆತ್ತ ಆ ದಿನಗಳನ್ನು ಊರಿನ ಸಂಪರ್ಕವಿರುವ ಹಿರಿಯ ಓದುಗರು ಮರೆತಿರಲಾರರು. ಸಂಬಳದ ಶಿಕ್ಷಕರಿಂದ ಇಷ್ಟು ವೇಗದಲ್ಲಿ, ಇಷ್ಟು ಹುರುಪಿನಲ್ಲಿ ಈ ಕಾರ್ಯ ಆಗುತ್ತಿರಲಿಲ್ಲ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಆದರೆ ಆಂದೋಲನಕ್ಕೆ ಒಂದು ಅವಧಿಯಿರುತ್ತದೆ, ಅಕ್ಷರಾಭ್ಯಾಸಕ್ಕೆ ಅಂತಹ ಅವಧಿಯಿಲ್ಲ. ಹೊಸದಾಗಿ ಕಲಿತವರು ಓದುತ್ತಿರದಿದ್ದರೆ ಮರೆಯುತ್ತಾರೆ. ಈ ಆಂದೋಲನಗಳನ್ನು ಪರಿಶೀಲಿಸಲು ನೇಮಕವಾದ ಅರುಣ್ ಘೋಷ್ ನೇತೃತ್ವದ ತಜ್ಞರ ತಂಡವು 1994ರಲ್ಲಿ ವರದಿ ಸಲ್ಲಿಸಿತು. ಕಲಿತವರು ಮತ್ತೆ ನಿರಕ್ಷರತೆಗೆ ಜಾರುವ ಅಪಾಯವನ್ನು ಅದು ಎತ್ತಿ ತೋರಿಸಿತು. ಮೊದಲ ಹಂತಕ್ಕೂ ಮುಂದುವರಿಕೆಯ ಹಂತಕ್ಕೂ ನಡುವೆ ಬಿಡುವು ಬಿದ್ದ ಕಡೆಗಳಲ್ಲಿ ಸ್ವಯಂಸೇವಕರು ಚದುರಿಹೋಗಿದ್ದರು. ಅವರನ್ನು ದೂರಲಾಗದು. ಕಾಲೇಜು ಮುಗಿಸಿದ ಹುಡುಗ ನೌಕರಿಗೆ ಹೋದ, ಹುಡುಗಿಗೆ ಮದುವೆಯಾಯಿತು. ಕೆಲವು ತಿಂಗಳು ದುಡಿಯಲು ಒಪ್ಪಿದವರು ಹತ್ತು ವರ್ಷ ದುಡಿಯಲಿಲ್ಲವೆಂಬುದು ತಪ್ಪಲ್ಲ.

ಮುಂದುವರಿಕೆಯ ಕೇಂದ್ರಗಳಿಗೆ ‘ಪ್ರೇರಕ’ರನ್ನು ನೇಮಿಸಲಾಯಿತು. 2009ರಲ್ಲಿ ಆರಂಭವಾದ ‘ಸಾಕ್ಷರ ಭಾರತ’ ಯೋಜನೆಯಲ್ಲಿ ಇವರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಿತ್ತು. ಸ್ವಯಂಸೇವಕನ ಸ್ವಾತಂತ್ರ್ಯವೂ ಇಲ್ಲ, ನೌಕರನ ಭದ್ರತೆಯೂ ಇಲ್ಲ ಎಂಬಂತಹ ಮಧ್ಯದ ಸ್ಥಿತಿ ಅದು. 2018ರ ಮಾರ್ಚ್‌ನಲ್ಲಿ ಯೋಜನೆ ನಿಂತಾಗ ಪ್ರೇರಕರ ಕೆಲಸವೂ ನಿಂತಿತು. 2022ರಿಂದ ಜಾರಿಯಲ್ಲಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮವು ಮತ್ತೆ ವೇತನರಹಿತ ಸ್ವಯಂಸೇವೆಯನ್ನೇ ನೆಚ್ಚಿಕೊಂಡಿದೆ. ಚಕ್ರ ಒಂದು ಸುತ್ತು ಬಂದಂತಾಯಿತು.

ಜೌನ್‌ಪುರ ಮತ್ತು ಮುಂಬಯಿ

ಈ ವಿಷಯದಲ್ಲಿ ಅಳತೆಗೋಲು ಹಿಡಿದು ನಡೆಸಿದ ಪರೀಕ್ಷೆಗಳೂ ಇವೆ. ಅವುಗಳಲ್ಲಿ ಎರಡು ಮುಂಬಯಿಯಲ್ಲಿ 1994ರಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆಗೆ ಸಂಬಂಧಿಸಿದವು. ನಗರಪಾಲಿಕೆಯ ಶಾಲೆಗಳಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸಲು ಸಂಸ್ಥೆಯು ‘ಬಾಲಸಖಿ’ಯರನ್ನು ನೇಮಿಸಿತು. ಅವರು ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರು. ತಿಂಗಳಿಗೆ 500ರಿಂದ 750 ರೂಪಾಯಿ ದೊರೆಯುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಮುಂಬಯಿ ಹಾಗೂ ವಡೋದರಾಗಳಲ್ಲಿ ಇದನ್ನು ಪರೀಕ್ಷಿಸಿದಾಗ ಮಕ್ಕಳ ಕಲಿಕೆಯಲ್ಲಿ ಸ್ಪಷ್ಟ ಸುಧಾರಣೆ ಕಂಡುಬಂದಿತು. ಕಾರ್ಯಕ್ರಮ ಮುಗಿದು ಒಂದು ವರ್ಷವಾದಾಗ ಆ ಲಾಭದ ಬಹುಭಾಗ ಕರಗಿತ್ತು ಎಂಬುದನ್ನೂ ಹೇಳಬೇಕು.

ಅನಂತರ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅದೇ ಸಂಸ್ಥೆಯು ವೇತನವಿಲ್ಲದ ಗ್ರಾಮೀಣ ಸ್ವಯಂಸೇವಕರಿಗೆ ಕೆಲವು ದಿನಗಳ ತರಬೇತಿ ಕೊಟ್ಟು ಓದಿನ ಶಿಬಿರಗಳನ್ನು ನಡೆಸಿತು. ಆಯ್ದ 65 ಗ್ರಾಮಗಳ ಪೈಕಿ ಬಹುತೇಕ ಕಡೆಗಳಲ್ಲಿ ಶಿಬಿರಗಳು ನಡೆದವು. ಹಾಜರಾದ ಮಕ್ಕಳು ನಿಜಕ್ಕೂ ಕಲಿತರು. ಅಕ್ಷರವೇ ತಿಳಿಯದಿದ್ದವರು ಅಕ್ಷರ ಗುರುತಿಸುವಷ್ಟಾದರೂ ಮುಂದೆ ಬಂದರು. ಆದರೆ ಶಿಬಿರಕ್ಕೆ ಬಂದವರು ಊರಿನ ಮಕ್ಕಳಲ್ಲಿ ಶೇಕಡಾ 8ರಷ್ಟು ಮಾತ್ರ. ಬಾಲಸಖಿಯ ಬಳಿಗೆ ಮಕ್ಕಳನ್ನು ಶಾಲೆಯೇ ಕಳುಹಿಸುತ್ತಿತ್ತು. ಜೌನ್‌ಪುರದ ಸ್ವಯಂಸೇವಕನ ಬಳಿಗೆ ಮಕ್ಕಳು ತಾವಾಗಿ ಬರಬೇಕಿತ್ತು. ಎರಡೂ ಕಡೆ ಕಲಿಸಿದವರು ಸ್ಥಳೀಯರೇ, ಎರಡೂ ಕಡೆ ಕಲಿಸುವ ಶಕ್ತಿಯಿದ್ದಿತು. ವ್ಯತ್ಯಾಸವಿದ್ದುದು ನಿತ್ಯದ ವ್ಯವಸ್ಥೆಯಲ್ಲಿ.

ಅಂಗನವಾಡಿ: ಅರ್ಧ ಶತಮಾನದ ‘ಗೌರವ’

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಊರಿನದೇ ಹೆಣ್ಣುಮಗಳೊಬ್ಬಳು ದಿನದ ಕೆಲವು ಗಂಟೆಗಳನ್ನು ಊರಿನ ಮಕ್ಕಳಿಗಾಗಿ ಮೀಸಲಿಡುತ್ತಾಳೆ, ಅದಕ್ಕೆ ಪ್ರತಿಯಾಗಿ ಕೃತಜ್ಞತೆಯ ರೂಪದಲ್ಲಿ ಒಂದಿಷ್ಟು ಹಣ ಎಂಬುದು ಮೂಲ ಕಲ್ಪನೆ. ಮೆಟ್ರಿಕ್ ಆಗದವರಿಗೆ ತಿಂಗಳಿಗೆ 100 ರೂಪಾಯಿ, ಆದವರಿಗೆ 150 ರೂಪಾಯಿ. ಅಂದಿನ ಮಟ್ಟಿಗೆ ಆ ಕಲ್ಪನೆಯಲ್ಲಿ ವಂಚನೆಯಿರಲಿಲ್ಲ ಎಂದೇ ಒಪ್ಪೋಣ.

ಕೆಲಸ ಮಾತ್ರ ಆ ಗಾತ್ರದಲ್ಲಿ ನಿಲ್ಲಲಿಲ್ಲ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ಪೌಷ್ಟಿಕತೆಯ ಬಗ್ಗೆ ತಿಳಿವಳಿಕೆ ಎಂಬ ಆರು ಸೇವೆಗಳ ಜೊತೆಗೆ ಮನೆಮನೆಯ ಸಮೀಕ್ಷೆ, ಹತ್ತಾರು ವಹಿಗಳು ಸೇರಿಕೊಂಡವು. 2021ರಿಂದ ಮೊಬೈಲಿನ ‘ಪೋಷಣ್ ಟ್ರ್ಯಾಕರ್’ನಲ್ಲಿ ಮಕ್ಕಳ ತೂಕ, ಎತ್ತರಗಳನ್ನು ತುಂಬುವ ಹೊಣೆಯೂ ಬಂದಿತು. ದೇಶದಲ್ಲಿ ಈಗ ಹದಿಮೂರು ಲಕ್ಷಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಕೇಂದ್ರ ಸರಕಾರವು 2018ರ ಅಕ್ಟೋಬರಿನಿಂದ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಎಂದು ನಿಗದಿಪಡಿಸಿತು; ಇದರ ಮೇಲೆ ರಾಜ್ಯಗಳು ತಮ್ಮ ಶಕ್ತಿಯಂತೆ ಸೇರಿಸುತ್ತವೆ. ಒಂದು ರಾಜ್ಯದ ಕಾರ್ಯಕರ್ತೆಗೂ ಪಕ್ಕದ ರಾಜ್ಯದವಳಿಗೂ ಒಂದೇ ಕೆಲಸಕ್ಕೆ ಬೇರೆ ಬೇರೆ ಮೊತ್ತ ಸಿಗುವುದು ಇದರಿಂದಲೇ.

ನ್ಯಾಯಾಲಯಗಳಲ್ಲಿ ಈ ಪ್ರಶ್ನೆ ಏನಾಯಿತೆಂಬುದು ಗಮನಾರ್ಹ. ಕರ್ನಾಟಕದಿಂದಲೇ ಹೊರಟ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ ತೀರ್ಪಿತ್ತು, ಅಂಗನವಾಡಿ ಕಾರ್ಯಕರ್ತೆಯರು ಸರಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು. ಆದ್ದರಿಂದ ರಾಜ್ಯದ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗೆ ಮುಚ್ಚಿತು. ಹದಿನೈದು ವರ್ಷಗಳ ಬಳಿಕ, 2022ರ ಏಪ್ರಿಲ್‌ನಲ್ಲಿ, ಗುಜರಾತಿನ ದಾಹೋದ್ ಜಿಲ್ಲೆಯ ಮಣಿಬೆನ್ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಬೇರೊಂದು ದೃಷ್ಟಿಯಿಂದ ವಿಷಯವನ್ನು ನೋಡಿತು. ಶಿಕ್ಷಣ ಹಕ್ಕು ಕಾಯಿದೆ ಮತ್ತು 2013ರ ಆಹಾರ ಭದ್ರತಾ ಕಾಯಿದೆಗಳು ಬಂದ ಮೇಲೆ ಈ ಮಹಿಳೆಯರು ಮಾಡುವುದು ಶಾಸನವೇ ವಿಧಿಸಿದ ಕರ್ತವ್ಯ. ಅವರಿಗೆ ಸಲ್ಲುವ ಗೌರವಧನವು ವೇತನವೇ. ಆದ್ದರಿಂದ 1972ರ ಗ್ರಾಚ್ಯುಯಿಟಿ ಕಾಯಿದೆ ಅವರಿಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸಿತು. ಸರಕಾರಿ ನೌಕರರಲ್ಲವೆಂಬ ಹಳೆಯ ತೀರ್ಪು ಹಾಗೆಯೇ ಉಳಿದಿದ್ದರೂ ‘ಗೌರವಧನ’ವೆಂಬ ಪದದ ಮುಸುಕು ಒಂದಿಷ್ಟು ಸರಿಯಿತು.

ಇದು ತಾನಾಗಿ ಆದದ್ದಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಸುತ್ತಮುತ್ತ ಸಾವಿರಾರು ಕಾರ್ಯಕರ್ತೆಯರು ಹಗಲಿರುಳು ರಸ್ತೆಯಲ್ಲಿಯೇ ಕುಳಿತಿದ್ದರು. ನಮ್ಮ ಮಹಾರಾಷ್ಟ್ರದಲ್ಲಿ 2023ರ ಡಿಸೆಂಬರಿನಿಂದ 2024ರ ಜನವರಿಯವರೆಗೆ ನಡೆದ ದೀರ್ಘ ಮುಷ್ಕರದ ಬೇಡಿಕೆಗಳಲ್ಲಿ ಗ್ರಾಚ್ಯುಯಿಟಿಯೂ ಸೇರಿತ್ತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ತಂದ ಆಶಾ ಕಾರ್ಯಕರ್ತೆಯರ ಕಥೆಯೂ ಹೆಚ್ಚುಕಡಿಮೆ ಇದೇ. ಅವರಿಗೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿಯಿತ್ತಿತು. ಪ್ರಶಸ್ತಿ ಬಂದಾಗ ಹೆಮ್ಮೆ ಪಟ್ಟ ನಾವೇ, ಅವರು ರಸ್ತೆಗಿಳಿದಾಗ ವಾಹನ ಸಂಚಾರಕ್ಕೆ ಅಡ್ಡಿಯಾಯಿತೆಂದು ಗೊಣಗುತ್ತೇವೆ.

ಮಲಪ್ಪುರಂನ ಹಂಚಿಕೆ

ಕೇರಳದ ಉಪಶಾಮಕ ಚಿಕಿತ್ಸೆಯ ಜಾಲ ಬೇರೊಂದು ದಾರಿಯನ್ನು ತೋರಿಸುತ್ತದೆ. ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸಿ, ಅವರು ಮನೆಯಲ್ಲಿಯೇ ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವುದು ಈ ಚಿಕಿತ್ಸೆಯ ಗುರಿ. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಇದಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬರಲಾರದವರೇ ಹೆಚ್ಚೆಂದು ಅರಿವಾದಾಗ, ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯ ಜಾಲ ರೂಪುಗೊಂಡಿತು.

ಇಲ್ಲಿ ಕೆಲಸದ ಹಂಚಿಕೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಆ ಮನೆಯಲ್ಲಿ ಅಕ್ಕಿಯಿದೆಯೇ, ಮಕ್ಕಳು ಶಾಲೆ ಬಿಟ್ಟಿದ್ದಾರೆಯೇ ಎಂಬುದು ನೆರೆಯವರಿಗೆ ತಿಳಿದಷ್ಟು ವೈದ್ಯರಿಗೆ ತಿಳಿಯದು. ಇದನ್ನು ಗುರುತಿಸುವುದು, ವಾರಕ್ಕೊಮ್ಮೆ ಹೋಗಿ ಕುಳಿತು ಮಾತನಾಡುವುದು, ಊರಿನಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಹಣ ಕೂಡಿಸುವುದು ತರಬೇತಿ ಪಡೆದ ಸ್ವಯಂಸೇವಕರ ಕೆಲಸ. ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಮೂತ್ರದ ನಳಿಕೆ ಬದಲಿಸುವುದು ಸಂಬಳದ ದಾದಿಯ ಕೆಲಸ. ಮಾರ್ಫಿನ್ ಬರೆಯುವುದು ವೈದ್ಯರ ಕೆಲಸ. ಸ್ವಯಂಸೇವಕನೊಬ್ಬ ಒಂದು ವಾರ ಊರಲ್ಲಿಲ್ಲದಿದ್ದರೆ ಇನ್ನೊಬ್ಬ ಹೋಗುತ್ತಾನೆ, ಯಾರೂ ಹೋಗದಿದ್ದರೂ ರೋಗಿಗೆ ಬೇಸರವಾದೀತು ಅಷ್ಟೇ. ದಾದಿ ಬಾರದಿದ್ದರೆ ಗಾಯ ಕೀವಾಗುತ್ತದೆ. ಯಾವುದಕ್ಕೆ ಸಂಬಳ ಕೊಡಬೇಕೆಂಬುದನ್ನು ಅಲ್ಲಿ ಹೀಗೆ ನಿರ್ಧರಿಸಿದಂತಿದೆ. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯೊಂದನ್ನು ಪ್ರಕಟಿಸಿತು. ಪಂಚಾಯತಿಗಳೇ ದಾದಿಯರನ್ನು ನೇಮಿಸಿಕೊಳ್ಳುವ ಪದ್ಧತಿ ಬೆಳೆಯಿತು. ಸರಕಾರದ ಹಣ ಬಂದ ಮೇಲೂ ಸ್ವಯಂಸೇವಕರು ಹಿಂದೆ ಸರಿಯಲಿಲ್ಲ. ಹಣ ಬಂದರೆ ಸೇವಾಭಾವ ಹೋಗುತ್ತದೆ ಎನ್ನುವವರು ಒಮ್ಮೆ ಇದನ್ನು ಪರಿಶೀಲಿಸಬಹುದು.

ನಮ್ಮ ಸಂಘಗಳಲ್ಲಿ

ಹೊರನಾಡಿನ ಕನ್ನಡ ಸಂಘಗಳು ಸ್ವಯಂಸೇವೆಯಿಂದಲೇ ಬದುಕಿವೆ. 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ನಾಟಕ, ಯಕ್ಷಗಾನ, ರಾಜ್ಯೋತ್ಸವ, ವಿದ್ಯಾರ್ಥಿವೇತನಗಳನ್ನು ನಡೆಸಿದವರು ಕಚೇರಿ ಮುಗಿಸಿ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದ ಗುಮಾಸ್ತರು, ಶಿಕ್ಷಕರು, ಹೋಟೆಲಿನವರು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಕನ್ನಡದ ರಾತ್ರಿಶಾಲೆಗಳು ಮೆಟ್ರಿಕ್ ಮಾಡಿಸಿದ್ದು ಇಂತಹವರ ಶ್ರಮದಿಂದ. ಒಂದು ನಾಟಕ ಮುಂದೂಡಲ್ಪಟ್ಟರೆ ಯಾರಿಗೂ ಹಾನಿಯಿಲ್ಲ. ಆದ್ದರಿಂದ ಇಂತಹ ಕೆಲಸಗಳಿಗೆ ಸಂಬಳದ ವ್ಯವಸ್ಥಾಪಕರು ಬೇಕಿಲ್ಲ, ಬಂದರೆ ಅವುಗಳ ಸೊಗಸೂ ಕೆಡಬಹುದು.

ಆದರೆ ಪ್ರತಿ ಸಂಘದಲ್ಲಿಯೂ ಇನ್ನೊಂದು ಬಗೆಯ ಕೆಲಸವಿದೆ. ಬೆಳಗ್ಗೆ ಬಾಗಿಲು ತೆರೆಯುವುದು, ಗ್ರಂಥಾಲಯದ ಪುಸ್ತಕ ಕೊಡುವುದು, ರಶೀದಿ ಬರೆಯುವುದು, ಧರ್ಮಾದಾಯ ಆಯುಕ್ತರ ಕಚೇರಿಗೆ ಲೆಕ್ಕಪತ್ರ ಸಿದ್ಧಪಡಿಸುವುದು, ಮಕ್ಕಳಿಗೆ ವಾರ ತಪ್ಪದೆ ಕನ್ನಡ ಕಲಿಸುವುದು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗೆ ಲೆಕ್ಕಪರಿಶೋಧನೆ ತಪ್ಪಿದ್ದಲ್ಲ. ಈ ಕೆಲಸಗಳನ್ನು ಮಾಡುವ ಒಬ್ಬರೋ ಇಬ್ಬರೋ ನೌಕರರು ಇಪ್ಪತ್ತು, ಮೂವತ್ತು ವರ್ಷ ಅಲ್ಲಿಯೇ ಸವೆದಿರುತ್ತಾರೆ. ಅವರ ವೇತನವನ್ನು ಆಯವ್ಯಯ ಪತ್ರದಲ್ಲಿ ‘ಗೌರವಧನ’ವೆಂದೋ ‘ಇತರ ವೆಚ್ಚ’ವೆಂದೋ ತೋರಿಸುವ ರೂಢಿಯನ್ನು ಅಲ್ಲಲ್ಲಿ ಕಂಡಿದ್ದೇನೆ. ನಿವೃತ್ತಿಯ ದಿನ ಒಂದು ಶಾಲು, ಫಲತಾಂಬೂಲ, ಎರಡು ಭಾಷಣ. ಭವಿಷ್ಯನಿಧಿ ಸಾಮಾನ್ಯವಾಗಿ 20 ಮಂದಿ ನೌಕರರಿರುವ ಸಂಸ್ಥೆಗಳಿಗೆ, ಗ್ರಾಚ್ಯುಯಿಟಿ 10 ಮಂದಿ ಇರುವಲ್ಲಿ ಕಡ್ಡಾಯ. ಇಬ್ಬರು ನೌಕರರ ಸಂಘಕ್ಕೆ ಕಾನೂನಿನ ಬಲವಂತವಿಲ್ಲ. ಹಾಗೆಂದು ಕೊಡಬಾರದೆಂದು ಯಾವ ಕಾನೂನೂ ಹೇಳಿಲ್ಲ. ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು.

ಲೆಕ್ಕ ಸುಲಭ. ಗ್ರಾಚ್ಯುಯಿಟಿಯ ರೂಢಿಯ ಸೂತ್ರದಂತೆ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 12,000 ರೂಪಾಯಿ ವೇತನದ ನೌಕರನಿಗೆ ವರ್ಷಕ್ಕೆ 6,923 ರೂಪಾಯಿ. ಇಪ್ಪತ್ತು ವರ್ಷಕ್ಕೆ 1,38,461 ರೂಪಾಯಿ. ಇದನ್ನು ಕೊನೆಯ ದಿನ ಒಮ್ಮೆಲೇ ಹೊಂದಿಸುವುದು ಚಿಕ್ಕ ಸಂಘಕ್ಕೆ ಭಾರವಾಗಬಹುದು. ಸಂಘದ ಹೆಸರಿನಲ್ಲಿ ಆರ್.ಡಿ. ಖಾತೆ ತೆರೆದು ಮೊದಲ ವರ್ಷದಿಂದಲೇ ತಿಂಗಳಿಗೆ 577 ರೂಪಾಯಿ ಕಟ್ಟುತ್ತ, ವೇತನ ಏರಿದಾಗ ಕಂತನ್ನೂ ಏರಿಸುತ್ತ ಬಂದರೆ, ಬಡ್ಡಿಯೂ ಸೇರಿ ಹೊರೆ ಬಹಳಷ್ಟು ಹಗುರಾಗುತ್ತದೆ. ಈಗಾಗಲೇ ಹಲವು ವರ್ಷ ದುಡಿದವರಿರುವಲ್ಲಿ ಹಿಂದಿನ ಬಾಕಿಗಾಗಿ ಪ್ರತ್ಯೇಕ ನಿಧಿಯನ್ನು ಮುಂದಿನ ಮಹಾಸಭೆಯ ಆಯವ್ಯಯದಲ್ಲಿಯೇ ತೋರಿಸಬಹುದು. ಅದರ ಶೀರ್ಷಿಕೆಯಲ್ಲಿ ‘ನೌಕರರ ವೇತನ ಮತ್ತು ಗ್ರಾಚ್ಯುಯಿಟಿ’ ಎಂದೇ ಬರೆಯಬೇಕು.